ಅವ್ವನ ಎರಡು ಸಾವಿರ

‘ನಾವೇನ್ ಜಿಎಸ್‌ಟಿ ಕಟ್ಟೋ ಮಂದಿ ಏನಪಾ?’ ಹುಬ್ಬಳ್ಳಿಯ ದೇಶಪಾಂಡೆ ನಗರದ ಬಾಡಿಗೆ ಮನೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕುಳಿತು ಅವ್ವ ಕೇಳಿದಳು. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅವಳಿಗೆ ಏಕಾಏಕಿ ನಿಂತಿತ್ತು. ಯಜಮಾನಿಯಾಗಲಿ, ಪತಿಯಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಪಾವತಿದಾರರಾದರೆ ಈ ಹಣ ಸಿಗದು. ವಿಚಾರಿಸಿದರೆ, ‘ನಿಮ್ಮಪ್ಪ ಜಿಎಸ್‌ಟಿ ಕಟ್ಟತಾರ ಅಂತ ತೋರಸಾಕತ್ತೈತಿ’ ಎಂದರು. ಅಪ್ಪ ಓಡಿಸುವುದು ಬಾಡಿಗೆ ಆಟೊ!

ನನ್ನ ಬಿಇ ಪರೀಕ್ಷಾ ಶುಲ್ಕಕ್ಕೆ ಆ ಹಣವೇ ಆಸರೆ. ‘ಹೋಗ್ಲಿ ಬಿಡು, ನಮ್ಮ ನಸೀಬದಾಗ ಇಲ್ಲ’ ಎಂದಳು ಅವ್ವ. ಮೂರು ಸಲ ಅಲೆದರೂ ಸಿಕ್ಕಿದ್ದು ‘ಮುಂದಿನ ವಾರ ಬರ್ರಿ’ ಎಂಬ ಬಾಯಿಮಾತು.

ಕೊನೆಗೆ ಜಿಎಸ್‌ಟಿ ಜಾಲತಾಣದಲ್ಲಿ ಅಪ್ಪನ ಪ್ಯಾನ್ ಸಂಖ್ಯೆ ಹಾಕಿ ಹುಡುಕಿದೆ. ಯಾರು ಬೇಕಾದರೂ ಹಾಗೆ ಹುಡುಕಬಹುದು. ಅಪ್ಪನ ಹೆಸರಲ್ಲಿ ನೋಂದಣಿಯೇ ಇರಲಿಲ್ಲ. ಅದರ ಪ್ರಿಂಟ್, ಪಡಿತರ ಚೀಟಿ, ಪಾಸ್‌ಬುಕ್ ಪ್ರತಿ ಲಗತ್ತಿಸಿ ಅರ್ಜಿ ಬರೆದುಕೊಟ್ಟೆ. ನನ್ನ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಂಡೆ. ಉತ್ತರ ಬಾರದಿದ್ದಾಗ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ‘ಅರ್ಜಿಯ ಮೇಲೆ ಏನು ಕ್ರಮವಾಗಿದೆ?’ ಎಂದು ಕೇಳಿದೆ. 30 ದಿನದೊಳಗೆ ಉತ್ತರಿಸಲೇಬೇಕೆಂದು ಕಾನೂನೇ ಇದೆ.

ದಾಖಲೆ ಸರಿಯಾಯಿತು, ಹಣ ಮತ್ತೆ ಬರುತ್ತಿದೆ. ಕಂಪ್ಯೂಟರ್ ತೋರಿಸಿದ್ದೆಲ್ಲ ನಿಜವಲ್ಲ ಗೆಳೆಯರೇ. ಕಾರಣ ಕೇಳಿ, ಬರೆದು ಕೇಳಿ, ಮುದ್ರೆಯಿರುವ ಪ್ರತಿ ಜೋಪಾನವಾಗಿಡಿ. ನಡುವಿನ ತಿಂಗಳುಗಳ ಬಾಕಿ ಇನ್ನೂ ಬಂದಿಲ್ಲ. ನಸೀಬವನ್ನು ಹಳಿಯುತ್ತಿದ್ದ ಅವ್ವನೇ ನಿನ್ನೆ ಹೇಳಿದಳು: ‘ಅದಕ್ಕೂ ಒಂದು ಅರ್ಜಿ ಬರಿಯಪಾ.’