ಎತ್ತಿಗೆ ಜ್ವರ, ಚೀಸಿಗೆ ಬರೆ

ದಕ್ಷಿಣ ಫ್ರಾನ್ಸಿನ ಕೊಂಬಾಲು ಬೆಟ್ಟದ ತಂಪು ಗುಹೆಗಳಲ್ಲಿ ಕುರಿಯ ಹಸಿ ಹಾಲಿನ ರೋಕ್‌ಫೋರ್ ಚೀಸ್ ಮಾಗುತ್ತದೆ. ಆ ಹೆಸರಿಗೆ 1925ರಲ್ಲಿಯೇ ಕಾನೂನಿನ ರಕ್ಷಣೆ ದೊರೆಯಿತು. ತಯಾರಾಗಿ ಕನಿಷ್ಠ 90 ದಿನ ಕಳೆಯದೆ ಅದು ಮಾರುಕಟ್ಟೆಗೆ ಬರುವಂತಿಲ್ಲ. ಇಷ್ಟೊಂದು ಕಟ್ಟುಪಾಡಿಗೆ ಒಳಪಟ್ಟ ಈ ಆಹಾರದ ಮೇಲೆ 1999ರಲ್ಲಿ ಅಮೆರಿಕ ಶೇ 100ರಷ್ಟು ಸುಂಕ ಹೇರಿತು. ಚೀಸಿನಲ್ಲಿ ದೋಷವೇನಾದರೂ ಕಂಡುಬಂದಿತ್ತೇ? ಇಲ್ಲ. ಹಾರ್ಮೋನು ನೀಡಿ ಬೆಳೆಸಿದ ದನದ ಮಾಂಸವನ್ನು ಐರೋಪ್ಯ ಒಕ್ಕೂಟ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬುದಷ್ಟೇ ಅಪರಾಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಜೀವಮಾನದ ಬಹುಭಾಗವನ್ನು ಸರ್ಕಾರಿ ನಿಯಮಾವಳಿಗಳ ನಡುವೆಯೇ ಕಳೆದ ನಾನು ನಿಯಮಗಳ ವಿರೋಧಿಯಲ್ಲ. ಆಹಾರದ ವಿಷಯದಲ್ಲಂತೂ ಅವು ಅನಿವಾರ್ಯ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಶೈತ್ಯಪೆಟ್ಟಿಗೆಯ ತಂಪಿನಲ್ಲಿಯೂ ವೃದ್ಧಿಸಬಲ್ಲದು. ಗರ್ಭಿಣಿಯರಿಗೆ, ನವಜಾತ ಶಿಶುಗಳಿಗೆ, ವೃದ್ಧರಿಗೆ ಅದು ಪ್ರಾಣಾಂತಿಕವಾಗಬಹುದು. ಆದ್ದರಿಂದಲೇ ಬೇಗ ಕೆಡುವ ಆಹಾರಗಳ ಸಾಗಣೆಗಾಗಿ 1970ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡಿತು. ಶೀಘ್ರವಾಗಿ ಆಳ ಘನೀಕರಿಸಿದ ಪದಾರ್ಥ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಕೋಳಿಮಾಂಸ 4 ಡಿಗ್ರಿಯನ್ನು ಮೀರಬಾರದು, ತಾಜಾ ಮೀನು ಕರಗುವ ಮಂಜಿನ ತಂಪಿನಲ್ಲಿರಬೇಕು ಎಂದು ಅದು ಗೊತ್ತುಪಡಿಸುತ್ತದೆ. ವಿಮಾನದಲ್ಲಿ ಡ್ರೈ ಐಸ್ ಬಳಸಿದರೆ ಪೆಟ್ಟಿಗೆಯಿಂದ ಅನಿಲ ಹೊರಹೋಗಲು ದಾರಿ ಇರಲೇಬೇಕು. ಇಲ್ಲವಾದರೆ ಒತ್ತಡ ಹೆಚ್ಚಿ ಪೆಟ್ಟಿಗೆಯೇ ಸಿಡಿಯಬಹುದು. ಇವೆಲ್ಲವೂ ಪದಾರ್ಥದ ಗುಣವನ್ನು ನೋಡಿ ಮಾಡಿದ ನಿಯಮಗಳು. ಇವುಗಳ ಬಗ್ಗೆ ಯಾರದೂ ತಕರಾರು ಇರಲಾರದು.

ಎರಡನೆಯ ಬಗೆಯ ನಿಯಮಗಳು ಸದುದ್ದೇಶದಿಂದ ಹುಟ್ಟಿದರೂ ಮೊಂಡಾದ ಕತ್ತಿಯಂತಿರುತ್ತವೆ. ಹಸಿ ಹಾಲಿನ ಚೀಸ್ ಕನಿಷ್ಠ 60 ದಿನ ಮಾಗಿರಬೇಕೆಂಬ ಅಮೆರಿಕದ ನಿಯಮ 1949ರಷ್ಟು ಹಳೆಯದು. ಆದರೆ ನಾರ್ಮಂಡಿಯ ಅಸಲಿ ಕಾಮಾಂಬೇರ್ ಮೂರ್ನಾಲ್ಕು ವಾರಗಳಲ್ಲಿಯೇ ಹದಕ್ಕೆ ಬರುತ್ತದೆ. 60 ದಿನ ಕಾಯ್ದರೆ ಅದರ ಕಾಲವೇ ಮುಗಿದಿರುತ್ತದೆ. ಹೀಗಾಗಿ ಆ ಚೀಸು ತನ್ನ ಮೂಲರೂಪದಲ್ಲಿ ಅಮೆರಿಕದ ಅಂಗಡಿ ತಲುಪುವಂತಿಲ್ಲ. ಇನ್ನೊಂದೆಡೆ, ಕೆಲವು ಅಪಾಯಕಾರಿ ಬ್ಯಾಕ್ಟೀರಿಯಾಗಳು 60 ದಿನಗಳ ನಂತರವೂ ಚೀಸಿನಲ್ಲಿ ಬದುಕಿರಬಲ್ಲವೆಂದು ಸಂಶೋಧನೆಗಳು ತೋರಿಸಿವೆ. ಅಂದರೆ, ನಿರುಪದ್ರವಿಯನ್ನು ತಡೆಯುವ ನಿಯಮ ಉಪದ್ರವಿಗೆ ದಾರಿ ಬಿಡಲೂಬಹುದು. ರೋಗಾಣುವಿಗೆ ಪಂಚಾಂಗ ತಿಳಿಯದು. ಸ್ವಚ್ಛತೆ, ಆಮ್ಲೀಯತೆ, ತೇವಾಂಶ ಮತ್ತು ಉಷ್ಣತೆ ಅದರ ಹಣೆಬರಹವನ್ನು ನಿರ್ಧರಿಸುತ್ತವೆ.

ಮೂರನೆಯ ಬಗೆಯೇ ರೋಕ್‌ಫೋರ್ ಮೇಲೆ ಬಿದ್ದ ಸುಂಕ. 60 ದಿನಗಳ ಗಡುವನ್ನು ಸಲೀಸಾಗಿ ದಾಟಿದ್ದ ಈ ಚೀಸು ತನಗೆ ಸಂಬಂಧವೇ ಇಲ್ಲದ ಮಾಂಸದ ಜಗಳದಲ್ಲಿ ಸಿಕ್ಕಿಬಿತ್ತು. ಅದಕ್ಕಾಗಿ ಹಾಲು ಒದಗಿಸುತ್ತಿದ್ದ ರೈತರ ನಾಯಕ ಜೋಸೆ ಬೋವೆ ಮತ್ತು ಸಂಗಡಿಗರು 1999ರ ಆಗಸ್ಟ್‌ನಲ್ಲಿ ಮಿಯೋ ಪಟ್ಟಣದಲ್ಲಿ ನಿರ್ಮಾಣ ಹಂತದಲ್ಲಿದ್ದ ಮೆಕ್‌ಡೊನಾಲ್ಡ್ಸ್ ಮಳಿಗೆಯನ್ನು ಕಳಚಿಹಾಕಿದರು. ಆ ಮಾರ್ಗವನ್ನು ನಾನು ಸಮರ್ಥಿಸಲಾರೆ. ಆದರೆ ಆ ಸಿಟ್ಟು ಅರ್ಥವಾಗದ ಆಡಳಿತಗಾರನೂ ಒಳ್ಳೆಯ ಆಡಳಿತಗಾರನಲ್ಲ. 2009ರ ಜನವರಿಯಲ್ಲಿ ಅಮೆರಿಕ ಸುಂಕವನ್ನು ಶೇ 300ಕ್ಕೆ ಏರಿಸುವುದಾಗಿ ಘೋಷಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ರಾಜಿಯಾದ್ದರಿಂದ ಆ ಏರಿಕೆ ಜಾರಿಗೆ ಬರಲಿಲ್ಲ. ಜಗಳವಾಡಿದವರು ರಾಜಧಾನಿಗಳಲ್ಲಿದ್ದರು, ಬೆಲೆ ತೆತ್ತವರು ಕುರಿ ಸಾಕುವವರು.

ನಮ್ಮ ದೇಶಕ್ಕೂ ಇದರಲ್ಲಿ ಪಾಠವಿದೆ. ಬಾತುಕೋಳಿ, ಹೆಬ್ಬಾತುಗಳಿಗೆ ಬಲವಂತವಾಗಿ ಉಣಿಸಿ ಉಬ್ಬಿಸಿದ ಯಕೃತ್ತಿನ ಖಾದ್ಯ ಫ್ವಾ ಗ್ರಾ. ಅದರ ಆಮದನ್ನು ಭಾರತ 2014ರಲ್ಲಿ ನಿಷೇಧಿಸಿತು. ಪ್ರಾಣಿಹಿಂಸೆಯ ಆಕ್ಷೇಪದಿಂದ ಬಂದ ಈ ಕ್ರಮವನ್ನು ಒಪ್ಪಬಹುದು, ಬಿಡಬಹುದು. ಆದರೆ ಅದು ಆರೋಗ್ಯದ ಸೋಗು ಹಾಕಿಕೊಂಡು ಬರಲಿಲ್ಲ.

ಇನ್ನು, 2017ರ ನಮ್ಮ ಆಹಾರ ಆಮದು ನಿಯಮಗಳನ್ನು ನೋಡಿ. ತೆರವಿನ ಹೊತ್ತಿಗೆ ಬಾಳಿಕೆಯ ಶೇ 60ರಷ್ಟು ಅವಧಿ ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಾಲ ಉಳಿದಿರಬೇಕೆಂದು ಅವು ಹೇಳಿದವು. ಬಳಕೆದಾರನ ಹಿತಕ್ಕೆ ಇದು ಸರಿ. ಲೆಕ್ಕ ಹಾಕಿದರೆ, 45 ದಿನ ಬಾಳುವ ಚೀಸಿಗೆ 27 ದಿನ ಉಳಿದಿರಬೇಕು. ಪ್ರಯಾಣಕ್ಕೂ, ತಪಾಸಣೆಗೂ, ಕಾಗದಪತ್ರಕ್ಕೂ ಸೇರಿ 18 ದಿನ ಮಾತ್ರ. ಕಚೇರಿಯಲ್ಲಿ ಕಡತ ಒಂದು ವಾರ ಮಲಗಿದರೆ ನಿಯಮ ಪಾಲಿಸಿದವನೂ ನಷ್ಟಕ್ಕೆ ಗುರಿಯಾಗುತ್ತಾನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು ಹೇಳಲೇಬೇಕು. ಪ್ರಮಾಣಪತ್ರದ ವೆಚ್ಚ ಸ್ಥಿರವೆಚ್ಚ. ಕಂಟೇನರ್ ತುಂಬ ಸಾಗಿಸುವ ಕಂಪನಿಗೆ ಅದು ಕೆ.ಜಿ.ಗೆ ಬಿಡಿಗಾಸು, ಹತ್ತು ಪೆಟ್ಟಿಗೆ ಕಳಿಸುವ ಹಳ್ಳಿಯ ತಯಾರಕನಿಗೆ ಅದೇ ಲಾಭದ ಗಂಟು. ವಿವೇಚನೆಯಿಲ್ಲದ ನಿಯಮ ದೊಡ್ಡವರನ್ನು ಉಳಿಸಿ ಸಣ್ಣವರನ್ನು ಅಳಿಸುತ್ತದೆ. ಸಣ್ಣವರೊಂದಿಗೆ ತಲೆಮಾರುಗಳ ಕಸುಬೂ, ರುಚಿಯೂ ಅಳಿಯುತ್ತವೆ.

ಇದಕ್ಕೆ ಪರಿಹಾರ ನಿಯಮಗಳನ್ನು ಸಡಿಲಿಸುವುದಲ್ಲ, ಹರಿತಗೊಳಿಸುವುದು. ಪ್ರತಿಯೊಂದು ನಿಯಮದ ಜೊತೆಗೆ ಅದರ ಕಾರಣವನ್ನೂ, ಮರುಪರಿಶೀಲನೆಯ ದಿನಾಂಕವನ್ನೂ ಬರೆಯಬೇಕು. ದಿನಗಳನ್ನು ಎಣಿಸುವ ಬದಲು ಪೆಟ್ಟಿಗೆಯೊಳಗಿನ ಉಷ್ಣತೆಯ ದಾಖಲೆಯನ್ನೂ, ಪ್ರಯೋಗಾಲಯದ ವರದಿಯನ್ನೂ ನಂಬಬೇಕು. ಸಣ್ಣ ತಯಾರಕರು ಒಟ್ಟುಗೂಡಿ ಪರೀಕ್ಷೆ ಮಾಡಿಸಲು ಅವಕಾಶವಿರಬೇಕು. ವ್ಯಾಪಾರದ ಜಗಳಗಳನ್ನು ವ್ಯಾಪಾರದ ವೇದಿಕೆಯಲ್ಲಿಯೇ ಇತ್ಯರ್ಥಪಡಿಸಬೇಕು. ಗಡಿಯಲ್ಲಿ ನಿಂತ ಅಧಿಕಾರಿ ಪೆಟ್ಟಿಗೆ ತೆರೆದಾಗ ಕೇಳಬೇಕಾದದ್ದು ಒಂದೇ ಪ್ರಶ್ನೆ: ಇದನ್ನು ತಿಂದವರು ಕ್ಷೇಮವಾಗಿರುವರೇ? ಕಳಿಸಿದವರೊಂದಿಗೆ ನಮ್ಮ ಸರ್ಕಾರದ ಸಂಬಂಧ ಹೇಗಿದೆ ಎಂಬುದು ಆ ಪೆಟ್ಟಿಗೆಗೆ ಸಂಬಂಧಿಸಿದ ವಿಷಯವಲ್ಲ.