ದಾರ ಕಾಣುವ ಹಾರುವ ತಟ್ಟೆಗಳು
ಆಕಾಶದಿಂದ ಬಂದವರು ಭೂಮಿಯ ಹೆಣಗಳನ್ನು ಎಬ್ಬಿಸುತ್ತಾರೆ. ಅವರ ಹಾರುವ ತಟ್ಟೆಗೆ ಕಟ್ಟಿದ ದಾರ ನಮಗೇ ಕಾಣುತ್ತೆ! ಅಮೆರಿಕದ ಎಡ್ ವುಡ್ 1956ರಲ್ಲಿ ತೆಗೆದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಇಂಥ ಬಡ ಚಿತ್ರ. ನಗ್ತೀರಾ? ಸ್ವಲ್ಪ ತಾಳಿ.

‘ಡ್ರಾಕುಲಾ’ ಖ್ಯಾತಿಯ ಬೇಲಾ ಲುಗೋಸಿ ಆ ವರ್ಷ ಆಗಸ್ಟಿನಲ್ಲಿ ತೀರಿಕೊಂಡಾಗ ವುಡ್ ಕೈಲಿ ಉಳಿದದ್ದು ಆತನ ಮಾತಿಲ್ಲದ ಒಂದಿಷ್ಟು ಫಿಲ್ಮು. ಬಿಸಾಡಲು ಮನಸ್ಸಾಗಲಿಲ್ಲ. ಅಜ್ಜಿಯ ಸೀರೆಯಂಚನ್ನು ಮಗಳ ಲಂಗಕ್ಕೆ ಹಚ್ಚುತ್ತೀವಲ್ಲ, ಹಾಗೆ ಅದರ ಸುತ್ತ ಕಥೆ ಹೊಲಿದ. ಉಳಿದ ದೃಶ್ಯಗಳಿಗೆ ಹೆಂಡತಿಯ ಬೆನ್ನುಮೂಳೆ ವೈದ್ಯನನ್ನೇ ಕರೆತಂದ! ಆತನೋ ಲುಗೋಸಿಗಿಂತ ಎತ್ತರ, ಹೋಲಿಕೆಯೂ ಇಲ್ಲ. ಕರಿಹೊದಿಕೆಯಿಂದ ಮುಖ ಮುಚ್ಚಿಕೊಂಡು ಓಡಾಡಿದ, ಪಾಪ.

1980ರಲ್ಲಿ ಒಂದು ಅಮೆರಿಕನ್ ಪುಸ್ತಕ ಇದಕ್ಕೆ ‘ಅತಿ ಕೆಟ್ಟ ಚಿತ್ರ’ವೆಂಬ ಬಿರುದು ಕೊಟ್ಟಿತು. ಇರಲಿ ಬಿಡಿ. ಹೆಂಡತಿ ಸತ್ತ ಮುದುಕನಾಗಿ ಲುಗೋಸಿ ಮನೆಯಿಂದ ಹೊರಬಂದು ಹೂವೊಂದನ್ನು ಮೂಸುವಾಗ ಯಾರಿಗೂ ದಾರದ ನೆನಪಾಗದು.