‘ಇತಿಹಾಸದಲ್ಲೇ ಮೊದಲು’ ಎಂಬ ಮಳೆ ಸುದ್ದಿಯನ್ನು ಓದುವ ಬಗೆ

‘ಶತಮಾನದ ಮಳೆ’, ‘ಹಿಂದೆಂದೂ ಕಾಣದ ಬರ’ ಎಂಬ ತಲೆಬರಹಗಳನ್ನು ತಾವು ಪ್ರತಿ ವರ್ಷ ಕಾಣುತ್ತೀರಿ. ಹವಾಮಾನ ವೈಪರೀತ್ಯ ನಮ್ಮ ನಾಡಿಗೆ ಹೊಸದಲ್ಲ. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟು ಆರಂಭವಾದ ಕ್ಷಾಮವನ್ನು ಹಳೆಯ ಮೈಸೂರಿನ ಜನರು ಆ ಸಂವತ್ಸರಗಳ ಹೆಸರಿನಿಂದಲೇ ಧಾತು-ಈಶ್ವರ ಬರವೆಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಇತ್ತೀಚೆಗೆ, ದೇಶದ ಮುಂಗಾರಿನಲ್ಲಿ ಸುಮಾರು ಶೇ 22ರಷ್ಟು ಕೊರತೆಯಾದ 2009ರಲ್ಲೇ, ಅಕ್ಟೋಬರ್ ಆರಂಭದ ಹೊತ್ತಿಗೆ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು.

ಹಾಗೆಂದು ‘ಮೊದಲೂ ಹೀಗೇ ಇತ್ತು’ ಎಂದು ನಿಶ್ಚಿಂತರಾಗಿರುವಂತಿಲ್ಲ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಬಿರುಮಳೆಗೆ ಅದೇ ಬಂಡವಾಳ.

ಆದುದರಿಂದ ಸುದ್ದಿಯಲ್ಲಿ ಅಂಕಿಯನ್ನು ಹುಡುಕಿರಿ: ಎಷ್ಟು ಮಿ.ಮೀ., ಎಷ್ಟು ಗಂಟೆಗಳಲ್ಲಿ, ಯಾವ ಕೇಂದ್ರದಲ್ಲಿ, ಎಷ್ಟು ವರ್ಷಗಳ ದಾಖಲೆಗೆ ಹೋಲಿಸಿ? ಹತ್ತು ವರ್ಷಗಳ ಹಿಂದೆ ನೆಟ್ಟ ಮಳೆಮಾಪಕದ ‘ದಾಖಲೆ’ ಹತ್ತು ವರ್ಷಗಳದ್ದು ಮಾತ್ರ. ಭಾರತ ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಗಳಲ್ಲಿ 64.5 ಮಿ.ಮೀ. ಬಿದ್ದರೆ ಭಾರೀ ಮಳೆ; 115.6ರಿಂದ ಅತಿ ಭಾರೀ, 204.5ರಿಂದ ಅತ್ಯಂತ ಭಾರೀ. ರೆಡ್ ಅಲರ್ಟ್ ಇಡೀ ಜಿಲ್ಲೆಗೆ ನೀಡುವ ಎಚ್ಚರಿಕೆ. ಎಲ್ಲ ಹೋಬಳಿಗಳಲ್ಲೂ ಒಂದೇ ಪ್ರಮಾಣದ ಮಳೆಯಾಗುವುದೆಂದು ಅದರ ಅರ್ಥವಲ್ಲ.

ಹಳದಿ ಎಚ್ಚರಿಕೆ ಟಿವಿಯಲ್ಲಿ ದೊಡ್ಡ ಸುದ್ದಿಯಾಗುವುದು ಅಪರೂಪ. ಆದರೆ ಕಿತ್ತ ಶೇಂಗಾ ಹೊಲದಲ್ಲಿ ಒಣಗುತ್ತಿದ್ದರೆ ಅಷ್ಟು ಮಳೆಯೇ ನಷ್ಟಕ್ಕೆ ಸಾಕು. ಬೆಳೆ ಕೀಳುವ ಮುನ್ನ, ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಕೃಷಿ ಹವಾಮಾನ ಸಲಹೆಯಲ್ಲಿ ಮುಂದಿನ ಐದು ದಿನಗಳ ಮುನ್ಸೂಚನೆಯನ್ನು ನೋಡಿಕೊಳ್ಳಿರಿ. ಮೇಘದೂತ್ ಆಪ್‌ನಲ್ಲಿಯೂ ಅದು ಕನ್ನಡದಲ್ಲಿ ದೊರೆಯುತ್ತದೆ.